ಪ್ರಶಿಯನ್ ಜಿ 8.1: ಒಂದು ಗೂಡ್ಸ್ ಇಂಜಿನ್ನನ್ನು 1:32ಕ್ಕೆ ಇಳಿಸಿದ ಬಗೆ

ಪ್ರಶಿಯನ್ ರೈಲ್ವೆಯ ಉಗಿ ಗೂಡ್ಸ್ ಇಂಜಿನ್ ಜಿ 8.1ರ ಮಾದರಿಯನ್ನು, ನಿಜದ್ದರ 32ನೇ ಒಂದು ಅಳತೆಯಲ್ಲಿ, ಕಟ್ಟುವವರು ತಗಡು ಕತ್ತರಿಸುವ ಮೊದಲು ಒಂದು ವರ್ಷ ಆರಿಸಿಕೊಳ್ಳಬೇಕು. 1913ರಿಂದ 1921ರವರೆಗೆ ಈ ನಮೂನೆಯ 5,000ಕ್ಕೂ ಹೆಚ್ಚು ಇಂಜಿನ್‌ಗಳು ಕಾರ್ಖಾನೆಗಳಿಂದ ಹೊರಬಂದವು. ಜರ್ಮನಿಯ ಬೇರೆ ಬೇರೆ ರಾಜ್ಯಗಳ ರೈಲ್ವೆಗಳು ಮಾಡಿಸಿದ ಇನ್ನಾವ ಇಂಜಿನ್ನೂ ಸಂಖ್ಯೆಯಲ್ಲಿ ಇದನ್ನು ಮುಟ್ಟಲಿಲ್ಲ. ಪಶ್ಚಿಮ ಜರ್ಮನಿಯ ಕೊನೆಯ ಜಿ 8.1 ಸೇವೆ ಬಿಟ್ಟದ್ದು 1972ರ ಡಿಸೆಂಬರ್ 21ರಂದು. ಅರವತ್ತು ವರ್ಷ ದುಡಿದ ಯಂತ್ರ ಕೊನೆಯವರೆಗೂ ಒಂದೇ ಥರ ಕಾಣುವುದಿಲ್ಲ. ಆರಂಭದ ಇಂಜಿನ್‌ಗೆ ನೀರು ಬಿಸಿಮಾಡುವ ಪ್ರೀಹೀಟರ್ ಇರಲಿಲ್ಲ, ನಂತರದವಕ್ಕೆ ಬಂತು. ಬಾಯ್ಲರ್ ಮೇಲಿನ ಡೋಮ್‌ಗಳ ಸಂಖ್ಯೆಯನ್ನಂತೂ ತಯಾರಾದ ವರ್ಷ ನೋಡಿ ಹೇಳಲಾಗದು. ದೊಡ್ಡ ರಿಪೇರಿಗೆ ಹೋದಾಗ ಒಂದರ ಬಾಯ್ಲರ್ ಇನ್ನೊಂದಕ್ಕೆ ಕೂರುತ್ತಿತ್ತು. ಆದ್ದರಿಂದ ಒಂದು ನಂಬರು, ಆ ನಂಬರಿನ ತಾರೀಖು ಇರುವ ಒಂದು ಫೋಟೊ, ಇವೆರಡು ಕೈಯಲ್ಲಿರಲಿ. ಎರಡು ಫೋಟೊ ಬೆರೆಸಿ ಕಟ್ಟಿದರೆ ಎಂದೂ ಇಲ್ಲದ ಇಂಜಿನ್ ತಯಾರಾಗುತ್ತದೆ.

ಇಲ್ಲಿ ಕಟ್ಟಿರುವುದು 1926ರ ಸುಮಾರಿನ ರೂಪ: ಜರ್ಮನ್ ರಾಜ್ಯ ರೈಲ್ವೆ 1925ರಲ್ಲಿ ಹೊಸ ನಂಬರು ಕೊಟ್ಟ ಮೇಲಿನದು. 55ನೇ ಸರಣಿ, ಕಪ್ಪು ಮೈ, ಕೆಂಪು ಚಕ್ರ.

ಹೆಸರಿನ ಬಗ್ಗೆ ಒಂದು ಮಾತು. ಜಿ ಅಂದರೆ ಗ್ಯೂಟರ್, ಸರಕು. ಮುದ್ರಣದಲ್ಲಿ 8.1 ಎಂದು ಬರೆದರೂ ಪ್ರಶಿಯನ್ ಫಲಕದಲ್ಲಿ 8ರ ಹೆಗಲ ಮೇಲೆ ಚಿಕ್ಕದೊಂದು 1 ಇರುತ್ತದೆ. ಇದರ ಅಣ್ಣ ಜಿ 8 ಬಂದದ್ದು 1902ರಲ್ಲಿ. ಬರ್ಲಿನ್‌ನ ರಾಬರ್ಟ್ ಗಾರ್ಬೆ, ಕಾಸೆಲ್‌ನ ವಿಲ್ಹೆಲ್ಮ್ ಶ್ಮಿಟ್ ಇಬ್ಬರೂ ಕೈಜೋಡಿಸಿ ಉಗಿಯನ್ನು ಇನ್ನಷ್ಟು ಕಾಯಿಸಿ, ಒಣಗಿಸಿ ಬಳಸುವ ಸೂಪರ್‌ಹೀಟರ್ ಪದ್ಧತಿಯನ್ನು ಗೂಡ್ಸ್ ಇಂಜಿನ್ನಿಗೆ ತಂದರು. ಒಣ ಉಗಿ ಸಿಲಿಂಡರಿನ ತಣ್ಣನೆಯ ಗೋಡೆ ತಾಗಿದ ಕೂಡಲೇ ನೀರಾಗುವುದಿಲ್ಲ. ಅದಕ್ಕೇ ಗಾರ್ಬೆಗೆ ಒಂದೇ ಉಗಿಯನ್ನು ಎರಡು ಸಲ ದುಡಿಸುವ ನಾಲ್ಕು ಸಿಲಿಂಡರಿನ ಕಾಂಪೌಂಡ್ ಜಟಿಲತೆ ಬೇಡವಾಯಿತು, ಎರಡೇ ದೊಡ್ಡ ಸಿಲಿಂಡರು ಸಾಕೆಂದ. ಜಿ 8ರ ಮೊದಲ ಇಂಜಿನ್‌ಗಳಲ್ಲಿ ಸೂಪರ್‌ಹೀಟರ್ ಹೊಗೆಪೆಟ್ಟಿಗೆಯೊಳಗೇ ಇತ್ತು. ಆಮೇಲೆ ಅದು ಬಾಯ್ಲರಿನ ದಪ್ಪ ಹೊಗೆಕೊಳವೆಗಳೊಳಗೆ ಹೋಯಿತು. ಜಿ 8.1ರಲ್ಲಿ ಒತ್ತಡ 12 ಬಾರ್‌ನಿಂದ 14ಕ್ಕೆ ಏರಿತು, ತೂಕವೂ ಏರಿತು. ಮಾದರಿ ಕಟ್ಟುವವರಿಗೆ ಇದರಿಂದ ಒಂದು ಲಾಭ: ಎರಡೇ ಸಿಲಿಂಡರು, ಎರಡೂ ಹೊರಗೆ, ಒಳಗೆ ಕ್ರ್ಯಾಂಕ್ ಅಚ್ಚು ಇಲ್ಲ. ಕೈಗೆ ಸಿಗದ ಜಾಗದಲ್ಲಿ ಏನೂ ಇಲ್ಲ.

ಲೆಕ್ಕ

1,435 ಮಿ.ಮೀ. ಹಳಿಯನ್ನು 32ರಿಂದ ಭಾಗಿಸಿದರೆ 44.8, ಬಳಕೆಯ 45 ಮಿ.ಮೀ. ಹಳಿಗೆ ಸರಿಹೋಗುತ್ತದೆ. ಟೆಂಡರ್ (ನೀರು, ಕಲ್ಲಿದ್ದಲು ಹೊರುವ ಹಿಂಬಂಡಿ) ಸೇರಿ ಬಫರ್‌ನಿಂದ ಬಫರ್‌ಗೆ 18,290 ಇದ್ದದ್ದು 571.6 ಆಯಿತು. ಚಾಲಕ ಚಕ್ರ 1,350, ಅಂದರೆ 42.2. ಮೊದಲ ಅಚ್ಚಿನಿಂದ (ಆಕ್ಸಲ್) ನಾಲ್ಕನೆಯದಕ್ಕೆ 4,700, ಅಂದರೆ 146.9. ಸಿಲಿಂಡರ್ ವ್ಯಾಸ 600, ಪಿಸ್ಟನ್ ಓಟ 660: ಇಲ್ಲಿ 18.75 ಮತ್ತು 20.6. ಕ್ರ್ಯಾಂಕ್ ತ್ರಿಜ್ಯ ಓಟದ ಅರ್ಧ, 10.3. ಅಚ್ಚು ಅಚ್ಚಿನ ನಡುವಣ ಬಿಡಿ ಅಂತರಗಳನ್ನು ನಕಾಶೆಯಿಂದಲೇ ತೆಗೆಯಿರಿ, 146.9ನ್ನು ಮೂರರಿಂದ ಭಾಗಿಸಿ ಗುರುತು ಹಾಕಬೇಡಿ. ಮೂರೂ ಅಂತರ ಕೂಡಿಸಿದಾಗ 146.9 ಬಂದರೆ ಮುಂದುವರಿಯಬಹುದು.

ತೂಕದ ಲೆಕ್ಕ ಮಾತ್ರ 32ರ ಘನದಿಂದ. ಟೆಂಡರ್ ಬಿಟ್ಟು ಇಂಜಿನ್ನಿನ ಸೇವಾ ತೂಕ 69.9 ಟನ್, ಅದನ್ನು 32,768ರಿಂದ ಭಾಗಿಸಿದರೆ 2.13 ಕೆ.ಜಿ. ಹಿತ್ತಾಳೆ, ಉಕ್ಕು ಬಳಸಿದರೆ ಈ ಅಂಕಿ ತಾನಾಗಿಯೇ ಹತ್ತಿರ ಬರುತ್ತದೆ. ಪ್ಲಾಸ್ಟಿಕ್ ಮೈ ಕಟ್ಟಿದರೆ ಬರುವುದಿಲ್ಲ.

ಚೌಕಟ್ಟು

ನಿಜವಾದ ಜಿ 8.1ರದು ತಗಡಿನ ಚೌಕಟ್ಟು; ದಪ್ಪ ಸರಳಿನ ಚೌಕಟ್ಟು ಕಂಡದ್ದು 1917ರ ಮೂರು ಸಿಲಿಂಡರಿನ ಜಿ 12ರಲ್ಲಿ. ಹಾಗಾಗಿ ಇಲ್ಲಿ 3 ಮಿ.ಮೀ. ಎಂಎಸ್ (ಮೆದು ಉಕ್ಕು) ಪ್ಲೇಟ್ ಎರಡು ಸಾಕು. ಅಳತೆಗೆ ದಪ್ಪವೇ, ಆದರೆ ಕಿಟಕಿಗಳ ಅಂಚು ಒಳಗಿನಿಂದ ಇಳಿಜಾರಾಗಿ ಅರ ಹಾಕಿದರೆ ಹೊರಗಿನಿಂದ ತೆಳ್ಳಗೆ ಕಾಣುತ್ತದೆ. ಬೆಂಗಳೂರಿನ ಪೀಣ್ಯದಂಥ ಕಡೆ ಲೇಸರ್ ಕಟಿಂಗ್ ಮಾಡಿಸುವುದಾದರೆ ಅಚ್ಚಿನ ರಂಧ್ರಗಳನ್ನು 0.5 ಮಿ.ಮೀ. ಚಿಕ್ಕದಾಗಿ ಬರೆಸಿ. ಲೇಸರ್ ಸುಟ್ಟ ಅಂಚು ಗಡುಸಾಗಿರುತ್ತದೆ, ರಂಧ್ರ ನಿಖರ ಗುಂಡಾಗಿಯೂ ಇರುವುದಿಲ್ಲ. ಆ ಅಂಚಿನ ಮೇಲೆ, ರಂಧ್ರವನ್ನು ನಿಖರ ಮಾಡುವ ಹೊಸ ರೀಮರ್ ಓಡಿಸಿದರೆ ಮೊನೆ ಹೋಗುತ್ತದೆ. ಮೊದಲು ಡ್ರಿಲ್ಲಿನಿಂದ ಸುಟ್ಟ ಪದರ ತೆಗೆದು, ಆಮೇಲೆ ರೀಮರ್.

ಎರಡೂ ತಗಡನ್ನು ಮೂಲೆಗಳಲ್ಲಿ ಸೀಸದ ಬೆಸುಗೆಯಿಂದ ಅಂಟಿಸಿ ಒಂದೇ ತುಂಡೆಂಬಂತೆ ಕೊರೆಯಬೇಕು. ಬಿಡಿಬಿಡಿಯಾಗಿ ಕೊರೆದರೆ ಎಡ ಬಲ ಒಂದರ ಕನ್ನಡಿ ಇನ್ನೊಂದಾಗುವುದು ಅದೃಷ್ಟದ ಮಾತು. ಕೊರೆದಾದ ಮೇಲೆ ಬಿಡಿಸುವ ಮುಂಚೆ ಇನ್ನೊಂದು ಕೆಲಸ ಇದೆ. ಆ ಜೋಡಿ ತಗಡನ್ನೇ ಜಿಗ್ (ರಂಧ್ರದ ಜಾಗ ತಪ್ಪದಂತೆ ತೋರುವ ಮಾದರಿ) ಮಾಡಿಕೊಂಡು, ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್‌ಗಳ ಕಣ್ಣುಗಳನ್ನೂ ಆಗಲೇ ಗುರುತಿಸಿ ಕೊರೆಯಿರಿ. ಅಚ್ಚಿನ ಅಂತರದಲ್ಲಿ 0.1 ತಪ್ಪಿದ್ದರೆ ರಾಡ್‌ನಲ್ಲೂ ಅದೇ 0.1 ತಪ್ಪು ಇರುತ್ತದೆ, ಎರಡು ತಪ್ಪೂ ಹೊಂದಿಕೊಂಡು ಚಕ್ರ ಸಲೀಸಾಗಿ ತಿರುಗುತ್ತದೆ.

ಚಕ್ರದ ಬೆನ್ನಿಂದ ಬೆನ್ನಿಗೆ 40 ಮಿ.ಮೀ., ಚೌಕಟ್ಟಿನ ಹೊರಮೈ 36, ನಡುವಿನ ಅಡ್ಡಪಟ್ಟಿಗಳು 30. ಪ್ರತಿ ಬದಿ 2 ಮಿ.ಮೀ. ಉಳಿಯಿತು. ಈ 2 ಮಿ.ಮೀ.ನಲ್ಲೇ ತಿರುವಿನ ಆಟವೆಲ್ಲ ಅಡಗಿದೆ. 2 ಮೀಟರ್ ತ್ರಿಜ್ಯದ ತಿರುವಿನಲ್ಲಿ ಹೊರ ಅಚ್ಚುಗಳೆರಡನ್ನು ಸೇರಿಸುವ ಗೆರೆಯಿಂದ ನಡುವಿನ ಅಚ್ಚುಗಳು ಸುಮಾರು 1.2 ಮಿ.ಮೀ. ಸರಿಯಬೇಕಾಗುತ್ತದೆ. ಚಕ್ರವನ್ನು ಹಳಿಯ ಮೇಲೆ ಹಿಡಿಯುವ ಅಂಚಿನ, ಅಂದರೆ ಫ್ಲ್ಯಾಂಜಿನ, ಬುಡ 2 ಮಿ.ಮೀ. ದಪ್ಪವಿದ್ದರೆ ಹಳಿಯಲ್ಲಿ ಸಿಗುವ ಸಡಿಲ 1 ಮಿ.ಮೀ. ಮಾತ್ರ. ಹೀಗಾಗಿ 1 ಮತ್ತು 4ನೇ ಅಚ್ಚಿಗೆ 1.9 ದಪ್ಪದ ವಾಷರ್, 2ನೆಯದಕ್ಕೆ 1.2, 3ನೆಯದಕ್ಕೆ 1.7. ಪಿಸ್ಟನ್ನಿನ ಬಲವನ್ನು ಚಕ್ರಕ್ಕೆ ಕೊಡುವ ಕನೆಕ್ಟಿಂಗ್ ರಾಡ್ ಕೂರುವುದು 3ನೇ ಅಚ್ಚಿನ ಮೇಲೆ. ಆ ಅಚ್ಚನ್ನು ಹೆಚ್ಚು ಓಲಾಡಲು ಬಿಟ್ಟರೆ ಪಿಸ್ಟನ್ ಕಂಬಿಯ ತುದಿಯಲ್ಲಿರುವ ಕ್ರಾಸ್‌ಹೆಡ್ ತಿರುಚಿಕೊಳ್ಳುತ್ತದೆ. 1.5 ಮೀಟರ್ ತಿರುವಿನಲ್ಲಿ ಓಡಿಸುವವರಿಗೆ 1.2ರ ಬದಲು 1.6 ಬೇಕು, ಆಗ ಈ ವಾಷರ್‌ಗಳು ಸಾಲವು. 3ನೆಯದನ್ನೂ 1.2ಕ್ಕೆ ಇಳಿಸಿ, ಕ್ರಾಸ್‌ಹೆಡ್ ಪಿನ್ನಿಗೆ ಸಡಿಲ ಕೊಡಬೇಕಾಗುತ್ತದೆ.

4ನೇ ಅಚ್ಚು ಗಟ್ಟಿ, ಗೇರ್ ಕೂರುವುದು ಅಲ್ಲಿ. ಉಳಿದ ಮೂರಕ್ಕೆ ಸ್ಪ್ರಿಂಗ್. ಎಂಟು ಬೇರಿಂಗ್ ಪೆಟ್ಟಿಗೆ 2.13 ಕೆ.ಜಿ. ಹೊತ್ತರೆ ಒಂದಕ್ಕೆ ಸುಮಾರು 265 ಗ್ರಾಂ. ಇಷ್ಟು ಭಾರಕ್ಕೆ 1.5 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಬೇಕು. ಬಾಲ್‌ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಅಡಿಗೆ ಮನೆಯ ತಕ್ಕಡಿಯ ಮೇಲೆ ಒತ್ತಿ ನೋಡಿ, ಗಟ್ಟಿಯೆನಿಸಿದರೆ ಒಂದು ಸುತ್ತು ಹೆಚ್ಚು ಉಳಿಯುವಂತೆ ಇನ್ನೊಂದು ಸ್ಪ್ರಿಂಗ್ ಕತ್ತರಿಸಿ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿ. ಇದನ್ನು ಉಲ್ಟಾ ತಿಳಿದು ಕತ್ತರಿಸುತ್ತಲೇ ಹೋಗುವವರು ಬಹಳ.

ಚಕ್ರ, ಕ್ವಾರ್ಟರಿಂಗ್, ರಾಡ್

ಕಡ್ಡಿಗಳ ಭಾಗವನ್ನು ರೆಸಿನ್‌ನಲ್ಲಿ ಪ್ರಿಂಟ್ ಮಾಡಿ ಹಿತ್ತಾಳೆಯಲ್ಲಿ ಎರಕ ಹುಯ್ಯಿಸುವುದು, ಸುತ್ತ ಉಕ್ಕಿನ ಟೈರ್ ಲೇತ್‌ನಲ್ಲಿ ಮಾಡಿ ಹಾಕುವುದು. ಟೈರಿನ ಮೈಗೆ 3 ಡಿಗ್ರಿ ಇಳಿಜಾರು. 3ನೇ ಚಕ್ರದ ಪ್ರತಿಭಾರ ದೊಡ್ಡದು. ನಾಲ್ಕಕ್ಕೂ ಒಂದೇ ಎರಕ ಹುಯ್ಯಿಸಿ ಉಳಿಸುವ ಕಾಸು ಮೊದಲ ನೋಟದಲ್ಲೇ ಬಯಲಾಗುತ್ತದೆ.

ಕ್ರ್ಯಾಂಕ್ ಪಿನ್ ರಂಧ್ರಕ್ಕೆ ಜಿಗ್ ಕಡ್ಡಾಯ: ಗಡುಸು ಮಾಡಿದ ಉಕ್ಕಿನ ತುಂಡು, ಒಂದು ಬದಿ ಅಚ್ಚಿನ ರಂಧ್ರಕ್ಕೆ ಕೂರುವ 6 ಮಿ.ಮೀ. ಗೂಟ, ಅಲ್ಲಿಂದ 10.3ರಲ್ಲಿ ಡ್ರಿಲ್ ತೂರುವ ರಂಧ್ರ. 10.3ರ ಬದಲು 10.4 ಬಂದರೆ ಲೋಕ ಮುಳುಗುವುದಿಲ್ಲ. ಎಂಟೂ ಚಕ್ರಕ್ಕೆ ಅದೇ 10.4 ಬರಬೇಕು, ಅಷ್ಟೇ.

ಎಡ ಬಲ ಪಿನ್‌ಗಳ ನಡುವೆ 90 ಡಿಗ್ರಿ ಇಡುವುದು ಕ್ವಾರ್ಟರಿಂಗ್. ಇಲ್ಲೂ ಅದೇ ನಿಯಮ. 89 ಆದರೂ ಇಂಜಿನ್ ಓಡುತ್ತದೆ, ನಾಲ್ಕು ಅಚ್ಚಿಗೂ 89 ಇದ್ದರೆ. ಒಂದು 89, ಒಂದು 90 ಇದ್ದರೆ ಓಡುವುದಿಲ್ಲ. ಅಚ್ಚು 6 ಮಿ.ಮೀ. ಸಿಲ್ವರ್ ಸ್ಟೀಲ್, ಚಕ್ರದ ರಂಧ್ರ 6.02, ಲಾಕ್‌ಟೈಟ್ 638. ಅಂಟು ಹಚ್ಚುವ ಮುನ್ನ ಎರಡೂ ಮೇಲ್ಮೈಯ ಎಣ್ಣೆಯನ್ನು ಐಸೋಪ್ರೊಪೈಲ್‌ನಿಂದ ಒರೆಸಿ. ಜಿಗ್‌ನಲ್ಲಿ ಕೂರಿಸಲು ಎರಡು ನಿಮಿಷವೂ ಸಿಗುವುದಿಲ್ಲ, ಆದ್ದರಿಂದ ಒಮ್ಮೆ ಅಂಟು ಹಚ್ಚದೆಯೇ ಜೋಡಿಸಿ ಅಭ್ಯಾಸ ಮಾಡಿಕೊಳ್ಳಿ. ಪೂರ್ತಿ ಗಟ್ಟಿಯಾಗಲು 24 ಗಂಟೆ. ಜಿಗ್‌ನಿಂದ ತೆಗೆದ ಖುಷಿಯಲ್ಲಿ ರಾಡ್ ಹಾಕಿ ತಿರುಗಿಸಿದರೆ ಕೋನ ಜಾರುತ್ತದೆ, ಜಾರಿದ್ದು ಕಣ್ಣಿಗೆ ಕಾಣುವುದೂ ಇಲ್ಲ.

ರಾಡ್‌ಗಳು 2.5 ಮಿ.ಮೀ. ಉಕ್ಕು. ಸ್ಪ್ರಿಂಗ್ ಇರುವುದರಿಂದ ಮೂರು ತುಂಡಾಗಿ, ನಡುವೆ ಕೀಲು ಇರುವಂತೆ ಮಾಡಬೇಕು; ಒಂದೇ ಉದ್ದನೆಯ ಪಟ್ಟಿ ಹಾಕಿದರೆ ಸ್ಪ್ರಿಂಗ್ ಕೊಟ್ಟಿದ್ದು ವ್ಯರ್ಥ. ಕಣ್ಣಿನ ಬುಷ್‌ಗೆ ಫಾಸ್ಫರ್ ಬ್ರಾಂಜ್, 3ನೇ ಪಿನ್ನಲ್ಲಿ 0.05 ಸಡಿಲ, ಉಳಿದೆಡೆ 0.1. ನಿಜವಾದ ಇಂಜಿನ್ನಿನಲ್ಲಿ ಶಕ್ತಿ ಬರುವುದು ಸಿಲಿಂಡರಿನಿಂದ 3ನೇ ಅಚ್ಚಿಗೆ. ಇಲ್ಲಿ ಮೋಟರ್ 4ನೇ ಅಚ್ಚಿನಿಂದ ಎಲ್ಲವನ್ನೂ ರಾಡ್ ಮೂಲಕವೇ ಎಳೆಯುತ್ತದೆ. ಬರೀ ಉಕ್ಕಿನ ಕಣ್ಣು ಬಿಟ್ಟರೆ ಬೇಗ ಸವೆಯುವುದು ಇದರಿಂದಲೇ.

ಸಿಕ್ಕಿಹಾಕಿಕೊಂಡರೆ ಎಲ್ಲ ರಾಡ್ ಬಿಚ್ಚಿ. 3–4 ಜೋಡಿ ಮಾತ್ರ ಹಾಕಿ ತಿರುಗಿಸಿ, ಆಮೇಲೆ 2–3, ಆಮೇಲೆ 1–2. ಪಿನ್ ಪೂರ್ತಿ ಮುಂದೆ ಅಥವಾ ಪೂರ್ತಿ ಹಿಂದೆ ಇರುವಾಗ ಬಿಗಿಯಾದರೆ ಸಾಮಾನ್ಯವಾಗಿ ರಾಡ್ ಉದ್ದದ ತಪ್ಪು. ನಡುವೆ 45 ಡಿಗ್ರಿಯ ಆಸುಪಾಸಿನಲ್ಲಿ ಬಿಗಿಯಾದರೆ ಕ್ವಾರ್ಟರಿಂಗ್ ತಪ್ಪು. ಬಿಗಿ ಇದೆಯೆಂದು ಕಣ್ಣುಗಳನ್ನೆಲ್ಲ ಅಗಲ ಮಾಡುವುದು ಸುಲಭದ ದಾರಿ. ಹಾಗೆ ಮಾಡಿದ ಇಂಜಿನ್ ಮುಂದಕ್ಕೆ ಸರಿಯಾಗಿ ಓಡಿ ಹಿಂದಕ್ಕೆ ಕುಂಟುತ್ತದೆ.

ಅತ್ಯಂತ ಇಕ್ಕಟ್ಟಿನ ಜಾಗ ಮೊದಲ ಚಕ್ರ. ಅದರ ಪಿನ್ ಸುತ್ತು ಹಾಕುವಾಗ ಕ್ರಾಸ್‌ಹೆಡ್ ಮತ್ತು ಗೈಡ್ ಪಟ್ಟಿಯ ಬೆನ್ನ ಹಿಂದೆ ಹಾದುಹೋಗುತ್ತದೆ. ಇಲ್ಲಿ ನಟ್ ಹಾಕಲು ಜಾಗವಿಲ್ಲ. ರಾಡ್‌ನ ಕಣ್ಣನ್ನು 2 ಮಿ.ಮೀ.ಗೆ ತೆಳ್ಳಗೆ ಮಾಡಿ, ಪಿನ್ನಿನ ತಲೆ ಅದರೊಳಗೆ ಮುಳುಗುವಂತೆ ಕೌಂಟರ್‌ಸಿಂಕ್ ಮಾಡಿ, 0.7 ಮಿ.ಮೀ. ಅಂತರ ಉಳಿದಿದೆಯೇ ಎಂದು ಫೀಲರ್ ಗೇಜ್ ತೂರಿಸಿ ನೋಡಿ. ಹಳಿಯ ಮೇಲೆ, ತಿರುವಿನಲ್ಲಿಟ್ಟು ನೋಡಬೇಕು. ಮೇಜಿನ ಮೇಲೆ ಪಾಸಾದದ್ದು ತಿರುವಿನಲ್ಲಿ ಟಕ್ ಟಕ್ ಎನ್ನುವುದುಂಟು.

ಮೋಟರ್

ಗರಿಷ್ಠ ವೇಗ ಗಂಟೆಗೆ 55 ಕಿ.ಮೀ. ಆ ವೇಗದಲ್ಲಿ 1,350ರ ಚಕ್ರ ನಿಮಿಷಕ್ಕೆ 216 ಸುತ್ತು ತಿರುಗುತ್ತದೆ. 1:32ರಲ್ಲಿ ವೇಗವೂ ಚಕ್ರವೂ ಒಟ್ಟಿಗೆ ಚಿಕ್ಕದಾಗುವುದರಿಂದ ಇಲ್ಲೂ 216. 30:1 ವರ್ಮ್ ಗೇರ್ (ತಿರುಪಿನಂಥ ಹಲ್ಲಿನ ಗೇರ್) ಇದ್ದರೆ ಮೋಟರ್ 6,480 ಸುತ್ತಬೇಕು. ಭಾರ ಹೊತ್ತು 12 ವೋಲ್ಟ್‌ಗೆ 6,500ರ ಸುಮಾರು ತಿರುಗುವ ಮೋಟರ್ ಆರಿಸಿ. 12,000 ಸುತ್ತಿನ ಅಗ್ಗದ ಮೋಟರ್ ಹಾಕಿದರೆ ಗೂಡ್ಸ್ ಇಂಜಿನ್ ಎಕ್ಸ್‌ಪ್ರೆಸ್ಸಿನಂತೆ ಹಾರುತ್ತದೆ, ನಿಧಾನಕ್ಕೆ ಓಡಿಸಿದರೆ ಜುಮ್ಮೆಂದು ನಡುಗುತ್ತದೆ. ಮೋಟರನ್ನು ಕುಲುಮೆಯ ಭಾಗದಲ್ಲಿ ಓರೆಯಾಗಿ ನಿಲ್ಲಿಸಿದೆ. ವರ್ಮ್‌ನ ಎರಡೂ ತುದಿಗೆ, ಉದ್ದಕ್ಕೆ ತಳ್ಳುವ ಬಲವನ್ನು ತಡೆಯುವ ಥ್ರಸ್ಟ್ ಬೇರಿಂಗ್ ಬೇಕು. ಇಲ್ಲವಾದರೆ ಇಳಿಜಾರಿನಲ್ಲಿ ಗಾಡಿ ತಳ್ಳಿದಾಗ ವರ್ಮ್ ಹಿಂದೆ ಮುಂದೆ ಜಾರಿ ಇಂಜಿನ್ ಮುಗ್ಗರಿಸುತ್ತದೆ.

ಹೊಯ್ಸಿಂಗರ್ ಗೇರ್

ಹೊತ್ತು ಹಿಡಿಯುವ ಕೆಲಸ ಇದೇ. ಬೆಲ್ಜಿಯಂನ ವಾಲ್ಶಾರ್ಟ್ಸ್ 1844ರಲ್ಲಿ, ಜರ್ಮನಿಯ ಹೊಯ್ಸಿಂಗರ್ 1849ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ವಾಲ್ವ್ ಗೇರ್, ಅಂದರೆ ಸಿಲಿಂಡರಿಗೆ ಉಗಿ ಬಿಡುವ ವಾಲ್ವನ್ನು ಚಕ್ರದ ಓಟಕ್ಕೆ ಹೊಂದಿಸಿ ಅಲುಗಿಸುವ ಕಂಬಿಗಳ ಜೋಡಣೆ. ಜರ್ಮನರಿಗೆ ಅದು ಹೊಯ್ಸಿಂಗರ್, ಉಳಿದವರಿಗೆ ವಾಲ್ಶಾರ್ಟ್ಸ್. ನಮ್ಮ ಭಾರತೀಯ ರೈಲ್ವೆಯ ವೈಪಿ, ವೈಜಿ, ಡಬ್ಲ್ಯುಪಿ ಉಗಿ ಇಂಜಿನ್‌ಗಳ ಪಕ್ಕದಲ್ಲಿ ಅಲ್ಲಾಡುತ್ತಿದ್ದದ್ದೂ ಇದೇ ಗೇರ್.

ಮಾದರಿಗಳಲ್ಲಿ ಹೆಚ್ಚು ತಪ್ಪಾಗುವುದು ಎರಡು ಕಡೆ. ಎರಡಕ್ಕೂ ಮೂಲ ಒಂದೇ: ಉಗಿ ವಾಲ್ವಿನ ಒಳಗಿನಿಂದ ಬರುತ್ತದೋ ಹೊರಗಿನಿಂದಲೋ ಎಂಬುದು. ಕಾದ ಒಣ ಉಗಿಗೆ ಹಳೆಯ ಚಪ್ಪಟೆ ಸ್ಲೈಡ್ ವಾಲ್ವ್ ತಾಳದು, ಎಣ್ಣೆ ನಿಲ್ಲದೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಶ್ಮಿಟ್ ಪದ್ಧತಿಯೊಂದಿಗೆ ಪಿಸ್ಟನ್ ವಾಲ್ವ್ ಬಂತು. ಅದರಲ್ಲಿ ಬಿಸಿ ಉಗಿ ಎರಡು ತಲೆಗಳ ನಡುವಿನಿಂದ ಬರುತ್ತದೆ, ತುದಿಯ ಗ್ಲ್ಯಾಂಡ್‌ಗಳಿಗೆ ತಾಗುವುದು ಬಳಸಿಬಿಟ್ಟ ತಣ್ಣನೆಯ ಉಗಿ ಮಾತ್ರ. ಹೀಗಿರುವಾಗ ಪಿಸ್ಟನ್ ಮುಂತುದಿಯಲ್ಲಿದ್ದರೆ ಮುಂದಿನ ಪೋರ್ಟ್ ತೆರೆಯಲು ವಾಲ್ವ್ ಕೂಡ ಮುಂದಕ್ಕೆ ಸರಿದಿರಬೇಕು. ಕ್ರಾಸ್‌ಹೆಡ್ಡಿನ ಚಲನೆಯನ್ನು ವಾಲ್ವಿಗೆ ಸೇರಿಸುವ ನಿಂತ ಪಟ್ಟಿಯೇ ಕಾಂಬಿನೇಷನ್ ಲಿವರ್; ಅದರ ಕೆಳತುದಿ ಕ್ರಾಸ್‌ಹೆಡ್ ಜೊತೆ ಮುಂದಕ್ಕೆ ಬಂದಿರುತ್ತದೆ. ವಾಲ್ವ್ ಕಂಬಿಯೂ ಮುಂದಕ್ಕೆ ಬರಬೇಕಾದರೆ ಅದು ರೇಡಿಯಸ್ ರಾಡ್ (ಲಿಂಕ್ ಎಂಬ ಸೀಳುಳ್ಳ, ತೂಗಾಡುವ ಬಾಗಿದ ತುಂಡಿನಿಂದ ಲಿವರಿಗೆ ಬರುವ ಕಂಬಿ) ಪಿನ್ನಿನ ಕೆಳಗಿರಬೇಕು. ಅಂದರೆ ಲಿವರಿನ ತುತ್ತತುದಿಗೆ ರೇಡಿಯಸ್ ರಾಡ್, ಅದರ ಸ್ವಲ್ಪ ಕೆಳಗೆ ವಾಲ್ವ್ ಕಂಬಿ. ಹಳೆಯ ಸ್ಲೈಡ್ ವಾಲ್ವ್ ಇಂಜಿನ್ನಿನ ನಕಾಶೆ ನೋಡಿ ಮಾಡಿದವರು ಇವೆರಡನ್ನು ಅದಲುಬದಲು ಮಾಡಿರುತ್ತಾರೆ.

ಎರಡನೆಯದು ರಿಟರ್ನ್ ಕ್ರ್ಯಾಂಕ್, ಮುಖ್ಯ ಪಿನ್ನಿನ ತುದಿಗೆ ಹಚ್ಚಿದ ಚಿಕ್ಕ ತೋಳು. ಒಳಗಿನಿಂದ ಉಗಿ ಬರುವ ವಾಲ್ವ್, ಮುಂದೆ ಹೋಗುವಾಗ ಡೈ ಬ್ಲಾಕ್ (ಲಿಂಕಿನ ಸೀಳಿನಲ್ಲಿ ಜಾರುವ ತುಂಡು) ಲಿಂಕಿನ ಕೆಳ ಅರ್ಧದಲ್ಲಿ ಎಂದಾದರೆ, ರಿಟರ್ನ್ ಕ್ರ್ಯಾಂಕಿನ ಪಿನ್ ಮುಖ್ಯ ಪಿನ್ನಿಗಿಂತ 90 ಡಿಗ್ರಿ ಹಿಂದೆ ಬರುತ್ತದೆ. ನೆನಪಿಡಲು ಸುಲಭ: ಮುಖ್ಯ ಪಿನ್ ಪೂರ್ತಿ ಮುಂದಿದ್ದಾಗ ರಿಟರ್ನ್ ಪಿನ್ ಅಚ್ಚಿನ ನೇರ ಮೇಲಿರಬೇಕು. ಕೆಳಗಿದ್ದರೆ ತಪ್ಪು ಬದಿಗೆ ಹಾಕಿದ್ದೀರಿ. ಇಲ್ಲಿ 90 ಎಂಬುದು ಆರಂಭದ ಅಂಕಿ ಮಾತ್ರ. ಲಿಂಕಿನ ಬಾಲ ಅಚ್ಚಿನ ಎತ್ತರದಲ್ಲಿ ಇರುವುದಿಲ್ಲ, ರಿಟರ್ನ್ ಪಿನ್ನಿನಿಂದ ಆ ಬಾಲಕ್ಕೆ ಹೋಗುವ ಎಕ್ಸೆಂಟ್ರಿಕ್ ರಾಡ್ ಓರೆಯಾಗಿ ಹೋಗುತ್ತದೆ. ಆದ್ದರಿಂದ ಚಕ್ರವನ್ನು ಮುಂತುದಿಗೂ ಹಿಂತುದಿಗೂ ತಿರುಗಿಸಿ, ಎರಡೂ ಕಡೆ ಲಿಂಕ್ ಒಂದೇ ಭಂಗಿಯಲ್ಲಿ ನಿಲ್ಲುವವರೆಗೆ ಕ್ರ್ಯಾಂಕಿನ ಕೋನ ತಿದ್ದಿ. ಆಮೇಲೆ 1 ಮಿ.ಮೀ. ಪಿನ್ ಹೊಡೆದು ಭದ್ರ ಮಾಡಿ.

ಲಿವರಿನ ಲೆಕ್ಕ ಹೀಗೆ. ಡೈ ಬ್ಲಾಕ್ ಲಿಂಕಿನ ನಟ್ಟನಡುವೆ ಇದ್ದಾಗ ವಾಲ್ವ್ ಅಲುಗುವುದು ಲಿವರಿನಿಂದ ಮಾತ್ರ. ಒಟ್ಟು 2.2 ಮಿ.ಮೀ. ಅಲುಗಲಿ ಎಂದು ಇಲ್ಲಿ ಇಟ್ಟುಕೊಂಡಿದೆ. ಪಿಸ್ಟನ್ ಓಟ 20.6, ಲಿವರಿನ ಉದ್ದ ರೇಡಿಯಸ್ ಪಿನ್ನಿನಿಂದ ಕೆಳಪಿನ್ನಿಗೆ 28. 28 × 2.2 ÷ 20.6, ಅಂದರೆ ಎರಡು ಮೇಲ್ಪಿನ್ನುಗಳ ನಡುವೆ 3 ಮಿ.ಮೀ. ಎರಡೂ ರಂಧ್ರ 1.5 ಮಿ.ಮೀ.; ನಡುವೆ ಉಳಿಯುವ ಲೋಹ 1.5 ಮಾತ್ರ. ಇದಕ್ಕಿಂತ ಚಿಕ್ಕದಾದರೆ ಕಿತ್ತುಹೋಗುತ್ತದೆ, ಹಾಗಾಗಿ ಲಿವರಿಗೆ ಹಿತ್ತಾಳೆ ಬೇಡ, ಗೇಜ್ ಪ್ಲೇಟ್ ಉಕ್ಕು ಬಳಸಿ.

ಲಿಂಕಿನ ಸೀಳಿನ ವಕ್ರತೆ ರೇಡಿಯಸ್ ರಾಡ್‌ನ ಉದ್ದಕ್ಕೆ ಸಮ. ರೋಟರಿ ಟೇಬಲ್ ಇಲ್ಲದವರು ಡ್ರಿಲ್ ಮೇಜಿಗೆ ಗೂಟ ಹೊಡೆದು, ಅಷ್ಟೇ ಉದ್ದದ ತೋಳಿನ ತುದಿಗೆ ಲಿಂಕ್ ಕಟ್ಟಿ, ಸಾಲಾಗಿ ಕೊರೆದು ಅರದಿಂದ ಸೇರಿಸಬಹುದು. ಹೊತ್ತು ಹಿಡಿಯುತ್ತದೆ, ಆದರೆ ವಕ್ರತೆ ತಪ್ಪುವುದಿಲ್ಲ.

ಕೊನೆಯ ಪರೀಕ್ಷೆ ಒಂದೇ. ಮುಖ್ಯ ಪಿನ್ನನ್ನು ಮುಂತುದಿಯಲ್ಲಿ ನಿಲ್ಲಿಸಿ, ದಿಕ್ಕು ಬದಲಿಸುವ ರಿವರ್ಸರ್ ಅನ್ನು ಪೂರ್ತಿ ಮುಂದಿನಿಂದ ಪೂರ್ತಿ ಹಿಂದಕ್ಕೆ ಸರಿಸಿ. ವಾಲ್ವ್ ಕಂಬಿ ಅಲುಗಬಾರದು. ಹಿಂತುದಿಯಲ್ಲೂ ಹಾಗೇ. ಅಲುಗಿದರೆ ಲಿಂಕಿನ ವಕ್ರತೆಯಲ್ಲೋ ರಿಟರ್ನ್ ಕ್ರ್ಯಾಂಕಿನ ಕೋನದಲ್ಲೋ ತಪ್ಪಿದೆ. ಎರಡು ತುದಿಗಳಲ್ಲಿ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಅಲುಗಿದರೆ ಕೋನ, ಎರಡೂ ತುದಿಯಲ್ಲಿ ಒಂದೇ ಥರ ಅಲುಗಿದರೆ ವಕ್ರತೆಯನ್ನು ಮೊದಲು ಅನುಮಾನಿಸಿ. ರಿವರ್ಸರ್ ಶಾಫ್ಟ್‌ಗೆ ಕ್ಯಾಬಿನ ನೆಲದಡಿ ಮೈಕ್ರೊ ಸರ್ವೊ ಕೂರಿಸಿದೆ. ದಿಕ್ಕು ಬದಲಿಸಿದಾಗ ರೇಡಿಯಸ್ ರಾಡ್ ನಿಧಾನವಾಗಿ ಏರಿಳಿಯುತ್ತದೆ.

ಮೂತಿ ಭಾರ

ಮುಂದೆ ಪುಟ್ಟ ಗಾಲಿಯಿಲ್ಲದೆ ಎಂಟೂ ಚಕ್ರಕ್ಕೆ ಪೂರ್ತಿ ತೂಕ ಕೊಟ್ಟದ್ದೇ ಈ ಇಂಜಿನ್ನಿನ ಬಲ. 14 ಬಾರ್ ಒತ್ತಡ, 600 ಸಿಲಿಂಡರು, 660 ಓಟ, 1,350 ಚಕ್ರ ಇಟ್ಟು ಲೆಕ್ಕ ಹಾಕಿದರೆ ಪೂರ್ಣ ಒತ್ತಡದಲ್ಲಿ 246 ಕಿಲೋನ್ಯೂಟನ್. ಮುಕ್ಕಾಲು ಹಿಡಿದರೆ 185. ಹಳಿಯ ಮೇಲಿನ ಭಾರ 686 ಕಿಲೋನ್ಯೂಟನ್. ಅನುಪಾತ 0.27: ಒಣ ಹಳಿಯ ಹಿಡಿತದ ಅಂಚಿನಲ್ಲೇ ನಿಂತಿದೆ. ಆದರೆ ಅದೇ ಕಾರಣಕ್ಕೆ ಅಚ್ಚುಭಾರ 17.6 ಟನ್, ಸಿಲಿಂಡರು ಮತ್ತು ಹೊಗೆಪೆಟ್ಟಿಗೆ ಮೊದಲ ಅಚ್ಚಿನ ಮುಂದೆ ಜೋತುಬಿದ್ದಿವೆ. ಸಾಧಾರಣ ಮಾರ್ಗಗಳಿಗೆ ಭಾರ ಹೆಚ್ಚು, 55 ಕಿ.ಮೀ. ಮೀರಿದರೆ ಓಲಾಟ. 1934ರಿಂದ 1941ರ ನಡುವೆ 691 ಇಂಜಿನ್‌ಗಳ ಮುಂದೆ ಒಂದು ಅಚ್ಚು ಸೇರಿಸಿ 56ನೇ ಸರಣಿ ಮಾಡಿದ್ದು ಇದಕ್ಕೇ. ವೇಗದ ಮಿತಿ 70ಕ್ಕೆ ಏರಿತು. ಆ ರೂಪ ಕಟ್ಟುವವರು ಮೋಟರ್ ಲೆಕ್ಕದಲ್ಲಿ 216ರ ಬದಲು 275 ಹಿಡಿಯಬೇಕು.

ಮಾದರಿಯೂ ಹಾಗೆಯೇ ಮೂತಿ ತಗ್ಗಿಸುತ್ತದೆ. ಪೂರ್ತಿ ಜೋಡಿಸಿದ ಇಂಜಿನ್ನಿನ ಅಡಿಗೆ ಪೆನ್ಸಿಲ್ ಅಡ್ಡ ಇಟ್ಟು ಸಮತೋಲ ನೋಡಿ. ಮೊದಲ ಅಚ್ಚಿನಿಂದ 73.5 ಮಿ.ಮೀ. ಹಿಂದೆ ತೂಗಬೇಕು. 10 ಮಿ.ಮೀ. ಮುಂದೆ ತೂಗಿದರೂ, ನಾಲ್ಕೂ ಅಚ್ಚು ಸಮಾನ ಸ್ಪ್ರಿಂಗಿನ ಮೇಲಿದೆ ಎಂದು ಲೆಕ್ಕ ಹಾಕಿದರೆ, ಮೊದಲ ಅಚ್ಚಿಗೆ ಸುಮಾರು 660 ಗ್ರಾಂ, ಕೊನೆಯದಕ್ಕೆ 400. ಮೋಟರ್ ಇರುವ ಅಚ್ಚೇ ಹಗುರ. ಸಿಲಿಂಡರ್ ದಿಮ್ಮಿಯನ್ನು ಒಳಗಿನಿಂದ ಟೊಳ್ಳು ಮಾಡಿ, ಕ್ಯಾಬಿನ ನೆಲದಡಿ ಸೀಸ ತುಂಬಿ. ಮೊದಲು ತೂಕ ಕಳೆಯಿರಿ, ಆಮೇಲೆ ಸೇರಿಸಿ. ಬರೀ ಸೇರಿಸುತ್ತ ಹೋದರೆ ಸ್ಪ್ರಿಂಗ್‌ಗಳೆಲ್ಲ ತಳ ಕಚ್ಚುತ್ತವೆ.

ಬಾಯ್ಲರ್, ಟೆಂಡರ್

20 ಗೇಜ್ ಹಿತ್ತಾಳೆ ತಗಡು, ಅಂದರೆ 0.91 ಮಿ.ಮೀ. ಸುತ್ತಳತೆಗೆ ಹೊರವ್ಯಾಸದಿಂದ ತಗಡಿನ ದಪ್ಪ ಕಳೆದು 3.1416ರಿಂದ ಗುಣಿಸಿ: ನಕಾಶೆಯಲ್ಲಿ 52 ಬಂದರೆ ಪಟ್ಟಿ 160.5. ಕೆಂಪಗೆ ಕಾಯಿಸಿ ಮೆತ್ತಗೆ ಮಾಡದೆ ರೋಲರಿಗೆ ಕೊಟ್ಟರೆ ಎರಡು ಅಂಚೂ ಚಪ್ಪಟೆಯಾಗಿ ಉಳಿಯುತ್ತವೆ. ಸೇರುವೆ ಹೊಟ್ಟೆಯ ಕೆಳಗೆ ಬರಲಿ.

ಬೆಸುಗೆಯನ್ನು ಶಾಖ ಇಳಿಸುತ್ತ ಹೋಗಬೇಕು. ಮುಖ್ಯ ಸೇರುವೆಗೆ ಬೆಳ್ಳಿ ಬೆಸುಗೆ, ಸುಮಾರು 650 ಡಿಗ್ರಿ. ಡೋಮ್, ಚಿಮಣಿ, ಕೈಕಂಬಿಗೆ 60/40 ಸೀಸ, 190 ಡಿಗ್ರಿ. ಪ್ರೀಹೀಟರ್ ಕೊಳವೆಗಳಂಥ ಚಿಕ್ಕವಕ್ಕೆ ಎಪಾಕ್ಸಿ. ಪ್ರತಿ ಸಲವೂ ನಿಂಬೆ ಉಪ್ಪಿನ ನೀರಿನಲ್ಲಿ ಕುದಿಸಿ ಫ್ಲಕ್ಸ್ ತೆಗೆಯಿರಿ. ಕೈಕಂಬಿಯ ಬುಡದಲ್ಲಿ ಉಳಿದ ಫ್ಲಕ್ಸ್ ಆರು ತಿಂಗಳ ಮೇಲೆ ಬಣ್ಣದಡಿ ಹಸಿರು ಗುಳ್ಳೆಯಾಗಿ ಏಳುತ್ತದೆ.

ಟೆಂಡರ್ ಮೂರು ಅಚ್ಚಿನದು, 3 ಟಿ 16.5: 16.5 ಘನ ಮೀಟರ್ ನೀರು, 7 ಟನ್ ಕಲ್ಲಿದ್ದಲು. 1:32ರಲ್ಲಿ ಆ ನೀರು ಅರ್ಧ ಲೀಟರ್. ಅಲ್ಲಿ ಮೂರು ಲಿಥಿಯಂ ಸೆಲ್, ಪ್ರೊಟೆಕ್ಷನ್ ಬೋರ್ಡ್, ರಿಸೀವರ್ ಎಲ್ಲ ಹಿಡಿಯುತ್ತವೆ. ಮೈಗೆ 24 ಗೇಜ್ ತಗಡು ಸಾಕು. ರಿವೆಟ್‌ಗಳನ್ನು ಬಗ್ಗಿಸುವ ಮೊದಲೇ ಹಿಂದಿನಿಂದ ಗುದ್ದಿ ಎಬ್ಬಿಸಿ. ಇಂಜಿನ್ನಿಗೆ ಹೋಗುವ ತಂತಿ ಸಿಲಿಕೋನ್ ಹೊದಿಕೆಯದೇ ಆಗಿರಲಿ, ಪಿವಿಸಿ ತಂತಿಯ ಬಿಗಿತಕ್ಕೆ ಟೆಂಡರಿನ ಮುಂದಿನ ಅಚ್ಚು ಎದ್ದು ಹಳಿ ತಪ್ಪುತ್ತದೆ.

ಬಣ್ಣ, ನಂಬರು

ಪ್ರಶಿಯನ್ ಕಾಲದ್ದಾದರೆ ಮೇಲೆ ಹಸಿರು, ಚಕ್ರ ಚೌಕಟ್ಟು ಕಂದುಗೆಂಪು, ಕ್ಯಾಬಿನ ಮೇಲೆ ಆಯಾ ರೈಲ್ವೆ ವಿಭಾಗದ ಹೆಸರು. 1926ಕ್ಕೆ ಕಪ್ಪು, ಕೆಂಪು. ಕ್ಯಾಬಿನ ಬದಿಯಲ್ಲಿ ಜಿ 44.17 ಎಂಬ ಚಿಕ್ಕ ಫಲಕ: ನಾಲ್ಕು ಅಚ್ಚಿನಲ್ಲಿ ನಾಲ್ಕೂ ಚಾಲಕ, ಅಚ್ಚುಭಾರ 17 ಟನ್. ಮುಂದೆ ಅಚ್ಚು ಸೇರಿಸಿದ ರೂಪಕ್ಕೆ ಇದೇ ಫಲಕ ಹಚ್ಚಿದರೆ ತಪ್ಪು, ಅಲ್ಲಿ 45 ಎಂದು ಶುರುವಾಗಬೇಕು. 1918ರ ನವೆಂಬರಿನ ಯುದ್ಧವಿರಾಮದ ಷರತ್ತಿನಂತೆ ಜರ್ಮನಿ 5,000 ಇಂಜಿನ್ ಒಪ್ಪಿಸಬೇಕಾಗಿ ಬಂದಾಗ ಹಲವು ಜಿ 8.1 ಹೊರದೇಶ ಸೇರಿದವು. ಬೆಲ್ಜಿಯಂನಲ್ಲಿ ಇದು 81ನೇ ನಮೂನೆ. ಪೋಲೆಂಡ್ ತನ್ನ ಪಾಲಿಗೆ ಬಂದವನ್ನು ಟಿಪಿ4 ಎಂದು ಕರೆಯಿತು. ಒಂದೇ ಚಾಸಿಸ್ ಮೇಲೆ ಮೂರು ದೇಶದ ಮೈ ಕಟ್ಟಬಹುದು.

1968ರ ನಂತರದ್ದು ಬೇಕೆಂದರೆ ನಂಬರಿನ ಕೊನೆಗೆ ಅಡ್ಡಗೆರೆ ಹಾಕಿ ಒಂದು ತಾಳೆ ಅಂಕಿ ಬರುತ್ತದೆ, ಅದನ್ನು ಊಹಿಸಿ ಬರೆಯಬೇಡಿ. ಆರು ಅಂಕಿಗಳನ್ನು ಎಡದಿಂದ 1, 2, 1, 2, 1, 2ರಿಂದ ಗುಣಿಸಿ, ಎರಡಂಕಿ ಬಂದರೆ ಅವನ್ನು ತಮ್ಮಲ್ಲೇ ಕೂಡಿಸಿ, ಒಟ್ಟನ್ನು ಮುಂದಿನ ಹತ್ತರಿಂದ ಕಳೆಯಿರಿ. ಕೊನೆಯದಾಗಿ ಸೇವೆ ಬಿಟ್ಟ 055 538ಕ್ಕೆ: 0, 1, 5, 1, 3, 7, ಒಟ್ಟು 17, 20ಕ್ಕೆ 3 ಬಾಕಿ. ಹಾಗಾಗಿ 055 538-3.

ಓಡಿಸಿ ನೋಡುವಾಗ

ಮೊದಲ ಎರಡು ಗಂಟೆ ಮೈ ಹಾಕದೆ, ಚಕ್ರ ಮೇಲೆತ್ತಿ, 4 ವೋಲ್ಟ್‌ನಲ್ಲಿ, ಅರ್ಧ ಗಂಟೆಗೊಮ್ಮೆ ದಿಕ್ಕು ಬದಲಿಸುತ್ತ. ಕರೆಂಟು ಮೀಟರ್ ಮೇಲೆ ಕಣ್ಣಿರಲಿ: ಪ್ರತಿ ಸುತ್ತಿಗೊಮ್ಮೆ ಮುಳ್ಳು ಏರಿದರೆ ಎಲ್ಲೋ ಬಿಗಿ ಇದೆ, ಯಾವ ಪಿನ್ ಎಲ್ಲಿರುವಾಗ ಏರುತ್ತದೆಂದು ಗುರುತಿಸಿ ರಾಡ್ ಪರೀಕ್ಷೆಗೆ ಮರಳಿ. ಎಣ್ಣೆ ಹೊಲಿಗೆ ಯಂತ್ರದ್ದು ಸಾಕು, ಸೂಜಿಯ ತುದಿಯಿಂದ ಒಂದೊಂದು ಹನಿ. ವರ್ಮ್‌ಗೆ ಗ್ರೀಸ್. ಎಣ್ಣೆ ಹೆಚ್ಚಾಗಿ ಟೈರಿಗೆ ಇಳಿದರೆ ಎರಡು ಕೆ.ಜಿ. ಇಂಜಿನ್ ಹತ್ತು ಡಬ್ಬಿಯನ್ನೂ ಎಳೆಯದೆ ನಿಂತಲ್ಲೇ ಚಕ್ರ ತಿರುಗಿಸುತ್ತದೆ.

ಹತ್ತು ಗಂಟೆ ಓಡಿದ ಮೇಲೆ ರಿಟರ್ನ್ ಕ್ರ್ಯಾಂಕಿನ ಪಿನ್ ಮತ್ತು ಮೊದಲ ಚಕ್ರದ ಕೌಂಟರ್‌ಸಿಂಕ್ ತಿರುಪು, ಇವೆರಡನ್ನೂ ಮತ್ತೆ ನೋಡಿ. ಸಡಿಲವಾಗುವುದು ಇವೇ. ಮೊದಲ ಚಕ್ರದ ತಿರುಪು ಹೊರಬರುತ್ತ ಹೋದರೆ ಆ 0.7 ಮಿ.ಮೀ. ಮುಗಿದು ಕ್ರಾಸ್‌ಹೆಡ್‌ಗೆ ಬಡಿಯುತ್ತದೆ.